ಬೋರಲು ಹಾಕಿದ ತಟ್ಟೆ

"ಟೆಂಪೊ ನಾಲೆ ಸೇತ್ವೆ ದಾಟ್ತು ಕಣ್ಲಾ ಮಾದ, ತಟ್ಟೆ ಜಗ್ಲಿ ಮ್ಯಾಲಿಡು!" ಅಜ್ಜಿ ಒಳಗಿನಿಂದ ಕೂಗಿದಾಗ ನನ್ನ ಎರಡೂ ಕೈ ಹುಣಸೆಹಣ್ಣು, ಒಲೆ ಬೂದಿಯಲ್ಲಿ ಮುಳುಗಿದ್ದವು. ಆ ಹುಳಿ ವಾಸನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗಲೂ ತಾಂಡ್ಯದ ಫ್ಯಾಕ್ಟರಿಗಳ ಪಕ್ಕದ ನನ್ನ ರೂಮಿನಲ್ಲಿ ಸೋಪು ಮುಗಿದ ದಿನ ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕುತ್ತೇನೆ. ಅಷ್ಟಕ್ಕೇ ನಮ್ಮೂರ ಸ್ಕೂಲಿನ ಅಡುಗೆಮನೆ, ಹೊಗೆ ಹಿಡಿದ ಗೋಡೆ, ಸೀರೆ ಮೇಲೆತ್ತಿ ಕಟ್ಟಿದ ಅಜ್ಜಿ, ಎಲ್ಲ ಬಂದು ಎದುರಿಗೆ ಕೂರುತ್ತವೆ. ನಿಮಗೂ ಅಂಥದ್ದೊಂದು ವಾಸನೆ ಇರಬೇಕು.

ನಮ್ಮೂರು ನರಸೀಪುರದ ಕಡೆ, ಹೊಳೆದಂಡೆಯಲ್ಲಿದೆ. ಭತ್ತದ ಕೊಯ್ಲು ಮುಗಿದರೆ ಊರಿನ ಅರ್ಧ ಜನ ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋಗುತ್ತಿದ್ದರು, ಮಕ್ಕಳನ್ನೂ ಕಟ್ಟಿಕೊಂಡು. ಅಜ್ಜಿ ಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಹೋದ ಮಕ್ಕಳ ಸ್ಟೀಲ್ ತಟ್ಟೆಗಳನ್ನು ಅಡುಗೆಮನೆ ಅಟ್ಟದ ಮೇಲೆ ಬೋರಲು ಹಾಕಿಡುತ್ತಿದ್ದಳು. ಶಿವರಾತ್ರಿ ಕಳೆದು, ಸ್ಕೂಲಿನ ಅಂಗಳದ ಹೊಂಗೆ ಮರ ಎಲೆ ಉದುರಿಸಿ ಹೊಸ ಚಿಗುರು ಹೊಳೆಯುವ ಹೊತ್ತಿಗೆ ಟೆಂಪೊ ವಾಪಸ್ ಬರುತ್ತಿತ್ತು. ಆವತ್ತು ಅಷ್ಟೂ ತಟ್ಟೆ ತಿಕ್ಕಿ, ಜಗಲಿ ಮೇಲೆ ಸಾಲಾಗಿ ನೇರ ಇಡಬೇಕು. ಬಂದ ಮಕ್ಕಳು ತಟ್ಟೆ ಮೇಲೆ ಕೊರೆದ ಅವರವರ ಹೆಸರು ಹುಡುಕಿಕೊಂಡು ಕೂರಬೇಕು. ಅಪ್ಪ ಅಮ್ಮಂದಿರೂ ಹಾಗೇ ಮನೆಗೆ ಹೋಗುವ ಹಾಗಿಲ್ಲ. ಅವರಿಗೆ ಎದುರಿನ ಸಾಲಿನಲ್ಲಿ ಬಾಳೆ ಎಲೆ, ಬೆಲ್ಲದ ಅನ್ನ, ಅವರೆಕಾಳಿನ ಸಾರು. ಒಂದು ಸಲ ಹೆಡ್‌ಮಾಸ್ಟರು "ಸಿದ್ದಮ್ಮ, ಇದು ಮಕ್ಕಳ ಅಕ್ಕಿ ಕಣಮ್ಮ" ಎಂದು ಗೊಣಗಿದರು. ಅಜ್ಜಿ ಸೌಟು ಬಿಡಲಿಲ್ಲ. "ಇದು ನಮ್ಮಟ್ಟಿ ಅಕ್ಕಿ ಸಾ. ಕಾಳು ಪಕ್ಕದ್ಮನೇದು. ಮೂರ್ತಿಂಗ್ಳು ಇವ್ರು ಚಳೀಲಿ ಬೇಯ್ಸ್ಕೊ ತಿಂದವ್ರೆ, ಇವತ್ತೊಂದಿನ ಕೂತು ಉಣ್ಲಿ. ನೀವೂ ಒಂದೆಲೆ ಮುಂದೆ ಕೂತ್ಕೊಳಿ." ಮಾಸ್ಟರು ಕೂತರು. ಮುಂದಿನ ವರ್ಷ ಬನ್ನೂರಿನ ಆಲೆಮನೆಯಿಂದ ಬೆಲ್ಲ ತಂದವರು ಅವರೇ.

ನಮ್ಮ ಅಪ್ಪ, ಅವ್ವನೂ ಹೋಗುತ್ತಿದ್ದರು. ನಾನು ಮಾತ್ರ ಅಜ್ಜಿ ಹತ್ತಿರ ಉಳಿಯುತ್ತಿದ್ದೆ. ಅವಳು ಅಪ್ಪನ ತಾಯಿ, ನನ್ನನ್ನು ಓದಿಸಲೇಬೇಕು ಅಂತ ಹಠ ಹಿಡಿದಿದ್ದಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಟೆಂಪೊ ಇಳಿದ ಅಪ್ಪ ಎಲೆ ಮುಂದೆ ಕೂತು, ತಲೆ ಎತ್ತದೆ ಹೇಳಿದ: "ಅವ್ವ, ತೋಟದೋರು ಇರಕೆ ಮನೆ ಕೊಟ್ಟವ್ರೆ. ವರ್ಷ ಪೂರ್ತಿ ಕೆಲ್ಸ. ಮಾದನ್ನೂ ಕರ್ಕೊಂಡೋಯ್ತೀವಿ."

"ಇಸ್ಕೂಲು?"

"ಅಲ್ಲೂ ಅದೆ."

ಅಜ್ಜಿ ಅವನ ಎಲೆಗೆ ಸಾರು ಬಡಿಸಿದಳು. ಹೊರಡುವ ದಿನ ನಾನು ನನ್ನ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಅವಳು ಅದನ್ನು ಎಳೆದುಕೊಂಡಳು. "ಇದು ಇಲ್ಲೇ ಇರ್ಲಿ. ಅಲ್ಲಿ ಬೇರೆ ತಕ್ಕೊ." ನನ್ನ ಕಣ್ಣೆದುರೇ ಅಟ್ಟದ ಮೇಲೆ ಬೋರಲು ಹಾಕಿದಳು. ಕೊಡಗಿನಲ್ಲಿ ಸ್ಕೂಲು ದೂರ, ದಾರಿಯಲ್ಲಿ ಆನೆ ಕಾಟ. ಸ್ವಲ್ಪ ದಿನ ಹೋದೆ. ಆಮೇಲೆ ಚೀಲ ಸೊಂಟಕ್ಕೆ ಕಟ್ಟಿಕೊಂಡು ಹಣ್ಣು ಬಿಡಿಸಿದೆ. ನನ್ನ ಓದು ಅಷ್ಟೇ.

ಮತ್ತೆ ಆ ಟೆಂಪೊದಲ್ಲಿ ಊರಿಗೆ ಬಂದಾಗ ನನಗೆ ಮೀಸೆ ಬಂದಿತ್ತು. ಹೊಂಗೆ ಚಿಗುರಿತ್ತು. ಕೂಲಿಯವರ ಸಾಲಿನಲ್ಲಿ ಎಲೆ ಮುಂದೆ ಕೂತೆ. ಅಜ್ಜಿ ಬಗ್ಗಿಹೋಗಿದ್ದಳು. ಬಡಿಸುತ್ತಾ ಬಂದವಳು ನನ್ನ ಮುಂದೆ ನಿಂತಳು, ಮುಖ ನೋಡಿದಳು, ಎಲೆ ಕಿತ್ತುಕೊಂಡಳು.

"ಏಳ್ಲಾ ಮೇಲೆ. ನಿನ್ ಸಾಲು ಅದು."

"ಅದು ಮಕ್ಳ ಸಾಲು ಕಣಜ್ಜಿ. ಮೀಸೆ ಬಂದದೆ ನಂಗೆ."

"ಬರ್ಲಿ. ಇಸ್ಕೂಲ್ ಬುಟ್ಟೆ ಅಂತ ನಂಗೆ ಯೋಳಿದ್ಯಾ ನೀನು?"

ಜಗಲಿಯ ಕೊನೆಯಲ್ಲಿ ನನ್ನ ತಟ್ಟೆ ನೇರವಾಗಿ ಕೂತಿತ್ತು. ಬೆಳಿಗ್ಗೆಯೇ ತಿಕ್ಕಿದ್ದು, ಹುಣಸೆ ವಾಸನೆ ಇನ್ನೂ ಇತ್ತು. ನಾನು ಬರುತ್ತೇನೆ ಅಂತ ಯಾರೂ ಹೇಳಿ ಕಳಿಸಿರಲಿಲ್ಲ. ಅವಳ ಜೊತೆ ಅಡುಗೆ ಮಾಡುತ್ತಿದ್ದ ರಾಜಮ್ಮ ಕಿವಿಯಲ್ಲಿ ಅಂದಳು: "ವರ್ಷಾ ವರ್ಷಾ ಇಡ್ತಾಳೆ ಕಣಪ್ಪ. ಟೆಂಪೊ ಖಾಲಿ ಆದ್ಮೇಲೆ ತಿರ್ಗಾ ಬೋರ್ಲು ಆಕ್ತಾಳೆ." ಮೊಣಕಾಲು ಮಡಚಲು ಜಾಗವಿಲ್ಲದೆ ಮಕ್ಕಳ ನಡುವೆ ಕೂತೆ. ಪಕ್ಕದ ಹುಡುಗಿ ಕಿಸಕ್ಕನೆ ನಕ್ಕು ಕೇಳಿದಳು: "ಅಣ್ಣ, ಯಾವ್ ಕ್ಲಾಸು?"

"ನಾಕ್ನೇ ಕ್ಲಾಸು. ತೆಪ್ಪಗೆ ಉಣ್ಣು" ಎಂದಳು ಅಜ್ಜಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾ. ನಾನು ಪೂರ್ತಿ ತಿಂದೆ.

ಮತ್ತೆ ಕೊಡಗಿಗೆ ಹೋಗಲಿಲ್ಲ. ತಾಂಡ್ಯದಲ್ಲಿ ಫ್ಯಾಕ್ಟರಿ ಕೆಲಸ ಹಿಡಿದೆ, ಅಜ್ಜಿ ಇರುವವರೆಗೂ ವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದೆ. ಈಗ ಅವಳಿಲ್ಲ. ನಮ್ಮ ಮನೆಯ ಸೂರು ಕುಸಿದಿದೆ. ಮಕ್ಕಳು ಕಡಿಮೆಯಾಗಿ ಸ್ಕೂಲು ಮುಚ್ಚಿತು. ಇದ್ದವರನ್ನು ಹಳದಿ ವ್ಯಾನು ದೂರ ಕರೆದೊಯ್ಯುತ್ತದೆ. ಅಡುಗೆಮನೆಗೆ ಹಾಕಿದ ಬೀಗಕ್ಕೆ ತುಕ್ಕು ಹಿಡಿದಿದೆ. ಈ ಸಲ ಟೆಂಪೊ ಬಂದ ದಿನ ನಾನು ಊರಲ್ಲೇ ಇದ್ದೆ. ಹೊಂಗೆ ಚಿಗುರಿತ್ತು. ಜನ ಗಂಟುಮೂಟೆ ಇಳಿಸಿಕೊಂಡು, ಸ್ಕೂಲಿನ ಕಡೆ ಒಂದು ಗಳಿಗೆ ನೋಡಿ, ಅವರವರ ಮನೆಗೆ ಹೋದರು. ಉಣ್ಣಲು ಬನ್ನಿ ಅಂತ ಕೂಗುವವರು ಯಾರೂ ಇರಲಿಲ್ಲ.

ಸ್ಕೂಲು ಮುಚ್ಚುವಾಗ ಅಟ್ಟದಿಂದ ಇಳಿಸಿ ತಂದ ತಟ್ಟೆ ನನ್ನ ರೂಮಿನಲ್ಲಿದೆ. ಅದರಲ್ಲೇ ಉಣ್ಣುತ್ತೇನೆ. ತೊಳೆದು ನೇರವಾಗಿಯೇ ಇಡುತ್ತೇನೆ. ಧೂಳು ಕೂರುತ್ತದೆ, ಕೂರಲಿ. ಬೋರಲು ಹಾಕಲು ಕೈ ಬರುವುದಿಲ್ಲ. ಇಷ್ಟೇ, ಇನ್ನು ಹೇಳುವುದೇನೂ ಇಲ್ಲ.