ತೆಕ್ಲಾಳ ನೀಲಿ ಗೋಡೆ

ತೆಕ್ಲಾಗೆ ಐವತ್ತೊಂಬತ್ತು ತುಂಬಿದ ವರ್ಷ ಅವಳ ತಮ್ಮ ವಿತೆಕ್‌ನ ಮಗನಿಗೆ ಮದುವೆ ಗೊತ್ತಾಯಿತು. ಹೊಸ ಜೋಡಿಗೆ ಕೋಣೆ ಬೇಕಲ್ಲ, ತೆಕ್ಲಾಳದು ಎಲ್ಲರ ಕಣ್ಣಿಗೆ ಬಿತ್ತು. ಅವಳು ಅಡಿಗೆಮನೆಯ ಬೆಂಚಿನ ಮೇಲೆ ಮಲಗಿದರಾಯಿತೆಂದು ಮನೆಮಂದಿಯೆಲ್ಲ ಅವಳ ಪರವಾಗಿ ಒಪ್ಪಿಕೊಂಡೂಬಿಟ್ಟರು. ಮದುವೆಯಾಗದ ಹೆಣ್ಣನ್ನು ಯಾರು ಕೇಳುತ್ತಾರೆ?

ಅವಳ ಮನಸ್ಸು ಅಂಗಳದ ಮೂಲೆಯ ರೊಟ್ಟಿಮನೆಯ ಮೇಲಿತ್ತು. ಹಿಂದೆ ವಾರಕ್ಕೊಮ್ಮೆ ರೊಟ್ಟಿ ಸುಡುತ್ತಿದ್ದ ಮಣ್ಣಿನ ಕಟ್ಟಡ ಅದು. ಮಾಡು ಗಟ್ಟಿಯಿತ್ತು, ಒಲೆಯೂ ಚೆನ್ನಾಗಿತ್ತು. ಹೊರಗೋಡೆ ಮಾತ್ರ ತುರಿಕಜ್ಜಿ ಹತ್ತಿದ ನಾಯಿಯಂತೆ ರಸ್ತೆಗೆ ಮೈಯೊಡ್ಡಿ ನಿಂತಿತ್ತು. ಅದನ್ನು ತನಗೆ ಬಿಟ್ಟುಕೊಡೆಂದು ತಮ್ಮನನ್ನು ಕೇಳಿದಳು.

“ಹಬ್ಬದ ಮೆರವಣಿಗೆ ಇದರ ಮುಂದೇನೇ ಹೋಗೋದು ಅಕ್ಕಾ, ಪ್ರತಿ ವರ್ಷ ಪಾದ್ರಿಗಳ ಎದುರು ನನ್ನ ಮಾನ ಹೋಗುತ್ತೆ” ಎಂದ ವಿತೆಕ್. “ಹಬ್ಬದೊಳಗೆ ನೋಡೋ ಹಾಗೆ ಮಾಡಿದ್ರೆ ನೀನೇ ಇಟ್ಕೋ. ಇಲ್ಲಾಂದ್ರೆ ಕೆಡವಿ ಟ್ರ್ಯಾಕ್ಟರ್ ನಿಲ್ಲಿಸ್ತೀನಿ. ದುಡ್ಡು ಮಾತ್ರ ಕೇಳ್ಬೇಡ, ಮದುವೆ ಇದೆ.”

“ನಾನು ದುಡ್ಡು ಕೇಳಿದ್ನಾ?” ಎಂದಳು ತೆಕ್ಲಾ.

ಗೋಡೆಯ ಬುಡಕ್ಕೆ ವಿತೆಕ್ ಒಮ್ಮೆ ಸಿಮೆಂಟು ಮೆತ್ತಿದ್ದ. ಉಳಿಯಿಂದ ಅದನ್ನು ಕಿತ್ತರೆ, ನೀರು ಹೊರಬರಲು ದಾರಿಯಿಲ್ಲದೆ ಒಳಗಿನ ಮಣ್ಣು ಗಂಜಿಯಾಗಿತ್ತು. ಎಲ್ಲ ಕೆರೆದು ತೆಗೆದಳು. ಕೆರೆಯ ದಂಡೆಯಿಂದ ಜೇಡಿಮಣ್ಣು ಹೊತ್ತಳು, ಹುಲ್ಲು ಕತ್ತರಿಸಿ ಹಾಕಿದಳು. ಪಕ್ಕದ ಮನೆಯ ಮುದುಕ ಕ್ಲಿಮೆಕ್ ಕುದುರೆ ಲದ್ದಿ ಕೊಟ್ಟ. ಬರಿಗಾಲಲ್ಲಿ ತುಳಿದು, ಹದ ಮಾಡಿ, ಗೋಡೆಗೆ ಪದರ ಪದರವಾಗಿ ಮೆತ್ತಿ, ಮೂರು ವಾರ ಒಣಗಲು ಬಿಟ್ಟಳು. ಸೊಂಟ ಹಿಡಿದುಕೊಂಡಿತು. ಬಿಡಲಿಲ್ಲ.

ಹಿತ್ತಲಿನ ಗುಂಡಿಯಲ್ಲಿ ಅಪ್ಪನ ಕಾಲದಲ್ಲಿ ನೀರು ಹಾಕಿ ಅರಳಿಸಿಟ್ಟ ಸುಣ್ಣ ಉಳಿದಿತ್ತು. ಒಂದು ಸಲ ಬಳಿದಳು, ಒಣಗಿದ ಮೇಲೆ ಹುಲ್ಲಿನ ಕಂದು ಕಲೆ ಮೇಲೆದ್ದಿತು. ಎರಡನೆಯ ಸಲಕ್ಕೆ ಉಳಿದದ್ದು ಒಂದೇ ಬಕೆಟ್ಟು, ತೆಳ್ಳಗೆ. ಅವಳ ಕೈಯಲ್ಲಿದ್ದ ಚಿಲ್ಲರೆಗೆ ಅಂಗಡಿಯಲ್ಲಿ ಸಿಕ್ಕಿದ್ದು ಬಟ್ಟೆಗೆ ಹಾಕುವ ನೀಲಿ.

ಸುಣ್ಣಕ್ಕೆ ಚಿಟಿಕೆ ನೀಲಿ ಎಲ್ಲರೂ ಹಾಕುತ್ತಾರೆ, ಬಿಳುಪು ಹೊಳೆಯಲೆಂದು. ಆದರೆ ಗೋಡೆ ಪೂರ್ತಿ ನೀಲಿಯಾದರೆ ಆ ಊರಲ್ಲಿ ಅದಕ್ಕೆ ಒಂದೇ ಅರ್ಥ: ಈ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣಿದ್ದಾಳೆ. ತೆಕ್ಲಾಗೆ ಅದು ಗೊತ್ತಿರಲಿಲ್ಲವೇ? ಒಂದು ಪೊಟ್ಟಣ ಸುರಿದಳು. ಕಲೆ ಮುಚ್ಚಲಿಲ್ಲ. ಆಮೇಲೆ ಉಳಿದದ್ದನ್ನೆಲ್ಲ ಸುರಿದಳು.

ಮಧ್ಯಾಹ್ನದ ಹೊತ್ತಿಗೆ ಕ್ಲಿಮೆಕ್ ಬೇಲಿಗೆ ಒರಗಿ ನಿಂತಿದ್ದ. “ಏನಮ್ಮಾ ತೆಕ್ಲಾ, ನಿಮ್ಮನೇಲಿ ಹುಡುಗಿ ಇರೋದು ನಂಗೆ ಗೊತ್ತೇ ಇರ್ಲಿಲ್ಲ. ವೋಡ್ಕಾ ಹಿಡ್ಕೊಂಡು ಹೆಣ್ಣು ಕೇಳೋಕೆ ಯಾವಾಗ ಬರ್ಲಿ?”

“ಮೊದ್ಲು ಹಲ್ಲು ಕಟ್ಟಿಸ್ಕೊಂಡು ಬಾ.”

ಸಂಜೆ ಹೊಲದಿಂದ ಬಂದ ವಿತೆಕ್‌ನ ಮುಖ ಕೆಂಪೇರಿತು. “ಊರೆಲ್ಲ ನಗ್ತಿದೆ. ನಾಳೆ ಮೆರವಣಿಗೆ. ನಾನೇ ಸುಣ್ಣ ತಂದ್ಕೊಡ್ತೀನಿ, ಬಿಳಿ ಬಳಿ.”

ತೆಕ್ಲಾ ಕುಂಚವನ್ನು ಬಕೆಟ್ಟಿನಲ್ಲಿಟ್ಟಳು. “ಅಮ್ಮ ಸತ್ತಾಗ ನಂಗೆ ಹತ್ತೊಂಬತ್ತು, ನಿಂಗೆ ಐದು. ಅಪ್ಪ ಪ್ರತಿ ವರ್ಷ ಮನೆಗೆ ಬಿಳೀನೇ ಬಳಿದ. ಯಾರಾದ್ರೂ ಕೇಳ್ಕೊಂಡು ಬಂದ್ರೆ ನಿನ್ನ ನೋಡ್ಕೊಳ್ಳೋರು ಯಾರು ಅಂತ. ನಾನೂ ಬಾಯಿ ಬಿಡ್ಲಿಲ್ಲ. ನಂಗೂ ಆಸೆ ಇತ್ತು ವಿತೆಕ್.”

ನಲವತ್ತು ವರ್ಷ ನುಂಗಿದ್ದ ಮಾತು ಹೊರಬಿದ್ದದ್ದಕ್ಕೆ ಅವಳಿಗೇ ಅಳು ಬಂತು, ಹಗುರವೂ ಆಯಿತು.

“ಹುಡುಗಿ ಮನೆ ಬಿಟ್ಟು ಹೊರಡ್ತಾಳೆ ಅಂತ ತಾನೆ ನೀಲಿ ಬಳಿಯೋದು?” ಎಂದಳು ಮೂಗೊರೆಸಿಕೊಂಡು. “ಹೊರಟಿದೀನಿ. ದೂರ ಏನಿಲ್ಲ, ಇಪ್ಪತ್ತು ಹೆಜ್ಜೆ.”

ವಿತೆಕ್ ಮನೆಯೊಳಗೆ ಹೋದ. ಆ ಊರಲ್ಲಿ ಮದುಮಗಳ ಪೆಟ್ಟಿಗೆಯನ್ನು ಒಡಹುಟ್ಟಿದವನ ಹೊರತು ಬೇರೆಯವರು ಎತ್ತುವಂತಿಲ್ಲ. ಅವನು ತಿರುಗಿ ಬಂದಾಗ ಅವಳ ಮರದ ಪೆಟ್ಟಿಗೆ ಅವನ ಹೆಗಲ ಮೇಲಿತ್ತು.

“ಬಾಗಿಲು ತೆಗಿ ಅಕ್ಕಾ, ಭಾರ ಇದೆ” ಎಂದ.