ಹೆಸರು ಬದಲಾದರೂ ಗುರುತು ಹಿಡಿದ ಪೆಟ್ಟಿಗೆ

“ಸಿಸ್ಟರ್, ಆ ಇಂಜೆಕ್ಷನ್ ಕೊಡಬ್ಯಾಡ್ರಿ!” ಕಂಪ್ಯೂಟರ್ ನೋಡುತ್ತಿದ್ದ ಡಾಕ್ಟರು ಕೂಗಿದಾಗ ಸೂಜಿ ನನ್ನ ಮಗಳ ತೋಳಿನ ಹತ್ತಿರವೇ ಇತ್ತು.

ಜ್ವರದಿಂದ ಸುಡುತ್ತಿದ್ದವಳನ್ನು ಮೋರಟಗಿಯಿಂದ ವಿಜಾಪುರದ ಮಕ್ಕಳ ಆಸ್ಪತ್ರೆಗೆ ತಂದಿದ್ದೆವು. ತಿಪ್ಪವ್ವ ಎಂಬ ಅವಳ ಹೆಸರಿಗೆ ಕಂಪ್ಯೂಟರಿನಲ್ಲಿ ಏನೂ ಸಿಕ್ಕಿರಲಿಲ್ಲ. ಕೂಸಿದ್ದಾಗ ಇಲ್ಲೇ ಸತ್ತು ಬದುಕಿದ ಮೇಲೆ, ಸಾವಿನ ಕಣ್ಣು ತಪ್ಪಿಸಲು ನಮ್ಮತ್ತೆ ಅವಳ ಹೆಸರನ್ನೇ ಬದಲಿಸಿ ತಿಪ್ಪವ್ವ ಎಂದಿಟ್ಟಿದ್ದರು. ಸಿಸ್ಟರ್ ಸೂಜಿ ಸಿದ್ಧ ಮಾಡುವಷ್ಟರಲ್ಲಿ ಡಾಕ್ಟರು ನನ್ನ ಹೆಸರು, ಊರು ಕೇಳಿ ಮತ್ತೆ ಹುಡುಕಿದ್ದರು. ಹಳೆಯ ಹೆಸರಿನ ಕೆಳಗೆ ಕೆಂಪಕ್ಷರ ಮೂಡಿತ್ತು: ಅಂದು ಮೈ ಬಾತು ಉಸಿರು ಕಟ್ಟಿದ್ದು ಇದೇ ಔಷಧದಿಂದ!

ಪಕ್ಕದಲ್ಲಿದ್ದ ಅತ್ತೆ ಕಂಪ್ಯೂಟರಿನ ಪರದೆಗೆ ಕೈ ಮುಗಿದರು. “ಯಮಗ ಗುರ್ತ ಸಿಗಬಾರ್ದಂತ ಹೆಸರ ಬದಲ ಮಾಡಿದ್ನಿ. ಈ ಪೆಟಗಿ ಗುರ್ತ ಹಿಡದ ಬಿಡ್ತಲ್ಲವ್ವಾ!”

ಮಗಳು ಈಗಲೂ ತಿಪ್ಪವ್ವನೇ. ಆಸ್ಪತ್ರೆಯಲ್ಲಿ ಮಾತ್ರ ಅತ್ತೆ ತಾವೇ ಮುಂದೆ ಹೋಗಿ ಹಳೆಯ ಹೆಸರು ಹೇಳುತ್ತಾರೆ, ಯಮನಿಗೆ ಕೇಳಿಸದಷ್ಟು ಮೆಲ್ಲಗೆ.