‘ಪಾಸಾದ್ರ’ ಎಂಬ ಮಾತು

ಬೆಳಿಗ್ಗೆ ನನ್ನಾಕೆ, "ಮಳಿ ಬಂದ್ರ ಭಜಿ ಮಾಡ್ತೇನ್ರಿ" ಅಂದಳು. ಮಳೆ ಬರಲಿಲ್ಲ. ಸಂಜೆಗೆ ಮಾತ್ರ ಕಾದ ಎಣ್ಣೆಯ ಘಮ ಪಡಸಾಲೆಗೆ ಬಂತು. ಅವಳು ಮಾತಿಗೆ ತಪ್ಪಿದಳೆಂದು ನಿಮಗೆ ಅನ್ನಿಸಿತೇ? ಅನ್ನಿಸಿದ್ದರೆ ಕೈ ಕೊಡಿ, ನೀವೂ ನನ್ನ ಹಾಗೆ ಮಂತಿಕ್‌ನಲ್ಲಿ ನಾಪಾಸಾಗುವವರೇ.

ಮಂತಿಕ್ ಎಂದರೆ ತರ್ಕ. ನಿಜಾಮರ ಕಾಲದಲ್ಲಿ, ಬೀದರಿನ ನಮ್ಮ ಸಾಲೆಯಲ್ಲಿ ಅದನ್ನು ಗಣಿತದ ಮೌಲ್ವಿ ಸಾಹೇಬರು ಉರ್ದುವಿನಲ್ಲಿ ಕಲಿಸುತ್ತಿದ್ದರು. ಮಳೆ, ಮನುಷ್ಯರು, ಮಾತು ಎಲ್ಲವನ್ನೂ ಒರೆಸಿಹಾಕಿ ಹಲಗೆಯ ಮೇಲೆ ಎರಡೇ ಅಕ್ಷರ ಉಳಿಸುತ್ತಿದ್ದರು: ಅಲಿಫ್ ಮತ್ತು ಬೇ. ಮೊದಲ ದಿನ "ಅಲಿಫ್ ಯಾ ಬೇ" ಎಂದರು. ಉರ್ದುವಿನ ‘ಯಾ’ ಎಂದರೆ ‘ಅಥವಾ’. ನನ್ನದೋ ಭಾಲ್ಕಿಯ ಕಿವಿ. ಅದಕ್ಕೆ ‘ಯಾ’ ಎಂದರೆ ‘ಯಾವ’. ಯಾವ ಬೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಎದ್ದುನಿಂತು, "ಹಲಗಿ ಮ್ಯಾಲಿಂದ್ರಿ, ಸಾಹೇಬ್ರ" ಅಂದೆ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು.

ನಗಲಿ ಬಿಡಿ, ನನಗೆ ಪಾಸಾಗುವ ಗರಜಿತ್ತು. ಔರಾದಿನ ಸೋದರಮಾವ ನಮ್ಮವ್ವನಿಗೆ, "ಅಕ್ಕಾ, ಹುಡುಗ ಪಾಸಾದ್ರ ಗಂಗೂನ ಕೊಡ್ತೇನಿ" ಎಂದು ಮಾತು ಕೊಟ್ಟಿದ್ದರು. ಗಂಗೂ ಅವರ ಮಗಳು. ಮದುವೆಯಾದರೆ ಅವಳನ್ನೇ ಎಂದು ನಾನು ಹಟ ಹಿಡಿದಿದ್ದೆ.

ಪರೀಕ್ಷೆ ಬಂತು. ‘ಅಲಿಫ್ ಆದರೆ ಬೇ. ಅಲಿಫ್ ಆಗಲಿಲ್ಲ. ಬೇ ಗತಿಯೇನು?’ ಎಂಬ ಪ್ರಶ್ನೆ. ‘ಬೇ ಕೂಡ ಆಗಲಿಲ್ಲ’ ಎಂದು ಧೈರ್ಯವಾಗಿ ಬರೆದೆ. ಇಂಥ ಧೈರ್ಯವನ್ನು ಇನ್ನೂ ನಾಲ್ಕು ಕಡೆ ತೋರಿಸಿ ನಾಪಾಸಾದೆ.

ಅಳುಮೋರೆ ಮಾಡಿಕೊಂಡು ಹೋದರೆ ಮೌಲ್ವಿ ಸಾಹೇಬರು ನನ್ನ ಸಲುವಾಗಿ ಕನ್ನಡಕ್ಕಿಳಿದರು. "ಅರೇ ಮಿಯಾ, ‘ಅಲಿಫ್ ಆದ್ರ’ ಅಂತ ಬರ್ದೀನಿ. ‘ಆದ್ರಷ್ಟೇ’ ಅಂತ ಬರ್ದೀನೇನು? ಅಲಿಫ್ ಇಲ್ದನೂ ಬೇ ಬರಬಹುದಪಾ!"

ಅಯ್ಯೋ, ಇದನ್ನು ಪರೀಕ್ಷೆಗೆ ಮೊದಲೇ ಹೇಳಬಾರದಿತ್ತೇ! ಮರುದಿನವೇ ಔರಾದಿಗೆ ಹೋದೆ. ಮಾವ ಅಂಗಳದಲ್ಲಿ ತೊಗರಿ ಹಸನು ಮಾಡಿಸುತ್ತಿದ್ದರು.

"ಮಾಮಾ, ನೀವು ‘ಪಾಸಾದ್ರ ಕೊಡ್ತೇನಿ’ ಅಂದೀರಿ. ‘ಪಾಸಾದ್ರಷ್ಟೇ’ ಅಂದಿಲ್ರಿ. ನಾಪಾಸಾದ್ರ ಕೊಡಂಗಿಲ್ಲಂತ ನಿಮ್ಮ ಬಾಯಿಂದ ಬಂದೇ ಇಲ್ಲ."

ಮಾವ ನನ್ನನ್ನೇ ದಿಟ್ಟಿಸಿ, "ಇಷ್ಟೆಲ್ಲಾ ತಿಳದಂವ ನಾಪಾಸ್ ಹ್ಯಾಂಗಾದ್ಯೋ?" ಎಂದರು. ಆದರೂ ಮದುವೆ ಮಾಡಿಕೊಟ್ಟರು.

ತರ್ಕದಿಂದಲೇ ಹೆಂಡತಿಯನ್ನು ಗೆದ್ದವನೆಂದು ಅವತ್ತಿನಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಇವತ್ತು ಭಜಿ ತಿನ್ನುತ್ತ ಅದನ್ನೇ ಮತ್ತೆ ಹೇಳಿದೆ. ಅದ್ಯಾಕೋ, ಇಷ್ಟು ವರ್ಷಗಳಲ್ಲಿ ಮೊದಲ ಸಲ, "ಆವಾಗ ನಿನಗೇನ್ ಅನ್ನಿಸಿತ್ತು?" ಎಂದೂ ಕೇಳಿದೆ.

ಗಂಗೂ ಹಿಟ್ಟಿನ ಕೈ ತೊಳೆದುಕೊಂಡಳು. "ನಿಮ್ಮ ಮಂತಿಕ್ ಕೇಳಿ ಅಪ್ಪ ಕೊಟ್ಟಾನಂತ ತಿಳ್ಕೊಂಡೀರೇನ್ರಿ? ನೀವ್ ಬರೂಕಿಂತ ಮೊದ್ಲೇ ಅವಗ ಹೇಳಿಬಿಟ್ಟಿದ್ದೆ. ಪಾಸಾದ್ರೂ ಅವ್ರೇ, ನಾಪಾಸಾದ್ರೂ ಅವ್ರೇ ಅಂತ."

‘ಆದ್ರೂ’ ಎಂಬುದು ಮೌಲ್ವಿ ಸಾಹೇಬರ ಹಲಗೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಇಷ್ಟು ವರ್ಷ ಕೇಳದೇ ಇದ್ದೆನಲ್ಲ ಎಂದು ನಾಚಿಕೆಯಾಯಿತು. ಮದುವೆಯ ದಿನಕ್ಕಿಂತ ಹೆಚ್ಚು ಖುಷಿಯೂ ಆಯಿತು.